ಚೆಂಡು ಮುಟ್ಟದ ಆಟಗಾರ

ಫೆಬ್ರವರಿ 10

ಅಂಗಡಿಯಲ್ಲಿ ಬೆಳಿಗ್ಗೆ ಎರಡು ಫ್ರೇಮ್ ರಿಪೇರಿ, ಒಂದು ಜಗಳ. ಹೊಸ ಕನ್ನಡಕ ಹಾಕಿಕೊಂಡರೆ ನೆಲ ಮೇಲೆದ್ದು ಬಂದ ಹಾಗಾಗುತ್ತದಂತೆ ಒಬ್ಬ ಅಜ್ಜನಿಗೆ. ನಂಬರ್ ಬದಲಾಗಿದೆ, ನಾಲ್ಕು ದಿನ ಹಾಗೇ ಇರುತ್ತದೆ ಎಂದೆ. "ಅಷ್ಟರಲ್ಲಿ ಬೀಳ್ದೆ ಇದ್ರೆ ಬಂದು ಹೇಳ್ತೀನಮ್ಮ" ಎಂದು ಹೋದರು.

ಮನೆಗೆ ಬಂದರೆ ಊಟದ ಮೇಜಿನ ಮೇಲೆ ಹೆಲ್ಮೆಟ್. ಬೈಕಿನದಲ್ಲ. ಮುಂದೆ ಕಬ್ಬಿಣದ ಜಾಲರಿ. ತಮ್ಮನದು. ಗೋದಾಮಿನಲ್ಲಿ ದಿನವಿಡೀ ಬೀರು, ಸೋಫಾ ಹೊತ್ತ ಮೇಲೂ ಮೈಯಲ್ಲಿ ಕಸುವು ಮಿಕ್ಕುತ್ತದಲ್ಲ — ಅಮೆರಿಕನ್ ಫುಟ್‌ಬಾಲ್ ತಂಡ ಸೇರಿದ್ದಾನೆ. ಊರಿಗೆ ಹೊಸದಾಗಿ ಲೀಗ್ ಬಂದಿದೆಯಂತೆ.

ಅಮ್ಮ ಹೆಲ್ಮೆಟ್ ಎತ್ತಿ ತಿರುಗಿಸಿ ನೋಡಿದಳು. "ಪಂಜರ ಇದ್ದ ಹಾಗಿದೆಯಲ್ಲೋ. ತಲೆಗ್ಯಾಕೆ ಪಂಜರ?"

"ಹಾರಿ ಹೋಗದೆ ಇರ್ಲಿ ಅಂತ."

ಫೆಬ್ರವರಿ 13

ಊಟವಾದ ಮೇಲೆ ಲೋಟಗಳನ್ನು ಸಾಲಾಗಿ ಇಟ್ಟು ಆಟ ವಿವರಿಸಿದ. ಹಿಂದಿನ ಲೋಟ ಚೆಂಡು ಎಸೆಯುವವನು. ಅವನ ಮುಂದೆ ಐದು ಲೋಟ, ಎದುರಿನವರು ಅವನ ಮೇಲೆ ಬೀಳದಂತೆ ತಡೆಯುವವರು. ಎಡತುದಿಯ ಲೋಟ ಇವನು.

"ನಿನ್ ಕೈಗೆ ಚೆಂಡು ಯಾವಾಗ ಬರತ್ತೆ?" ಅಮ್ಮ.

"ಬರಲ್ಲ."

"ಓಡೋವಾಗ?"

"ಇಲ್ಲಮ್ಮ. ನಾನು ಚೆಂಡು ಮುಟ್ಟೋದೇ ಇಲ್ಲ."

"ಫುಟ್‌ಬಾಲ್ ಅಂತೀಯ, ಕಾಲಲ್ಲಿ ಒದಿಯಲ್ಲ. ಆಟ ಅಂತೀಯ, ಚೆಂಡು ಮುಟ್ಟಲ್ಲ. ಇದಕ್ಕಿಂತ ಬೀರು ಹೊರೋದೇ ವಾಸಿ."

ನಕ್ಕು ನಕ್ಕು ನನಗೆ ಕುಡಿದ ನೀರು ನೆತ್ತಿಗೆ ಹತ್ತಿತು. ಅವನೂ ನಗುತ್ತಿದ್ದ. ಆಮೇಲೆ ಲೋಟ ಎತ್ತಿಡುವಾಗ ಹೇಳಿದ: "ನನ್ನ ಹಿಂದೆ ಇರೋನಿಗೆ ಏನೂ ಆಗಬಾರದು ಅಕ್ಕ. ಅಷ್ಟೇ ನನ್ ಕೆಲಸ." ಅದನ್ನು ಹೇಳುವಾಗ ಮಾತ್ರ ನಗಲಿಲ್ಲ.

ಮಾರ್ಚ್ 2, ಭಾನುವಾರ

ಮೊದಲ ಮ್ಯಾಚ್. ನೋಡಲು ಬಂದವರು ಆಟಗಾರರ ಮನೆಯವರು, ನೆರಳಿಗೆಂದು ಬಂದು ಕೂತವರು. ಮೈಕಿನವನು ನಿಯಮ ಹೇಳಲು ಹೋಗಿ ತಾನೇ ಸಿಕ್ಕಿಕೊಂಡು "ಒಟ್ಟಿನಲ್ಲಿ ಮುಂದೆ ಹೋಗ್ಬೇಕು" ಎಂದು ಮುಗಿಸಿದ. ಕೋಚ್ ಜಿಮ್ ನಡೆಸುವವರು. ಆಟ ಕಲಿತದ್ದು ಫೋನಿನಲ್ಲಿ ವಿಡಿಯೊ ನೋಡಿ. ಮುಚ್ಚಿಡುವುದಿಲ್ಲ, ತಾವೇ ಹೇಳುತ್ತಾರೆ.

ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿದಾಗ ಒಣ ಸೌದೆ ಸೀಳಿದ ಸದ್ದು. ಪ್ರತಿ ಸಲವೂ. ಅರ್ಧಕ್ಕೇ ಎದ್ದು ಹೋಗೋಣ ಎನಿಸಿತ್ತು. ಆದರೆ ತಮ್ಮ ಆಡುವುದನ್ನು ನೋಡಿದೆ... ಇಷ್ಟು ವರ್ಷ ಬಾಗಿಲಲ್ಲಿ ತಲೆ ತಗ್ಗಿಸಿ, ಬಸ್ಸಿನಲ್ಲಿ ಮೈ ಕುಗ್ಗಿಸಿ ಬದುಕಿದವನು. ಅಲ್ಲಿ ಪೂರ್ತಿ ನೆಟ್ಟಗೆ ನಿಂತಿದ್ದ.

ಏಪ್ರಿಲ್ 9

ಭಾನುವಾರದ ಮ್ಯಾಚಿನ ವಿಡಿಯೊ ಎಲ್ಲರ ಫೋನಿನಲ್ಲೂ. ನುಗ್ಗಿ ಬಂದ ಎದುರಾಳಿಯನ್ನು ಹಾಗೇ ಎತ್ತಿ, ನಾಲ್ಕು ಹೆಜ್ಜೆ ನಡೆದು, ಸೋಫಾ ಇಳಿಸಿದ ಹಾಗೆ ಮೆತ್ತಗೆ ಪಕ್ಕಕ್ಕಿಟ್ಟಿದ್ದಾನೆ. ಇಳಿಸಿದ ಮೇಲೆ ಬಿಟ್ಟು ಬಿಡದೆ, ನೆಟ್ಟಗೆ ನಿಂತಿದ್ದಾನೋ ಇಲ್ಲವೋ ಎಂದು ಬೇರೆ ನೋಡಿದ್ದಾನೆ. ಅದಕ್ಕೇ ಜನ ಮರುಳಾಗಿರುವುದು. ಈಗ ಅವನ ಹೆಸರು ಗೋಡೆ.

ಅಂಗಡಿಯ ಯಜಮಾನರು, ನನ್ನ ಜೊತೆ ಕೆಲಸದ ಹೊರಗೆ ಒಂದು ಮಾತೂ ಆಡದವರು, "ಗೋಡೆ ನಿಮ್ ತಮ್ಮನಂತೆ?" ಎಂದು ಕುರ್ಚಿ ಎಳೆದುಕೊಂಡು ಕೂತರು. ಮೊನ್ನೆವರೆಗೆ ಅದ್ಯಾವ ಆಟ ಎಂದವರು ಇವತ್ತು ಟಚ್‌ಡೌನ್, ಫೋರ್ತ್ ಡೌನ್ ಎನ್ನುತ್ತಾರೆ. ಮೈದಾನದಲ್ಲಿ ಈಗ ಕಾಲಿಡಲು ಜಾಗವಿಲ್ಲ. ನಮ್ಮ ಬೀದಿಯ ಮಕ್ಕಳು ಆ ಎರಡು ತುದಿ ಮೊನಚಾದ ಚೆಂಡು ಸಿಗದೆ ನೀರಿನ ಬಾಟಲಿ ಎಸೆದು ಆಡುತ್ತಿವೆ.

ಅಮ್ಮ ಮಾತ್ರ: "ಹೊಗಳೋರು ಹೊಗಳ್ಲಿ. ಮೈ ಕೈ ನೋವು ತಿನ್ನೋನು ಇವನೇ ತಾನೆ."

ಮೇ 4, ಸಂಜೆ

ಮ್ಯಾಚಿನಿಂದ ಬಂದು ಪರದೆ ಎಳೆದು ಮಲಗಿದ್ದಾನೆ. ದೀಪ ಹಾಕಿದರೆ ಬೈಯುತ್ತಾನೆ. ಬೈಯುವವನೇ ಅಲ್ಲ. ಬಚ್ಚಲಲ್ಲಿ ವಾಂತಿ ಮಾಡಿದ ಸದ್ದು ಕೇಳಿತು. ಕೇಳಿದರೆ "ಹೊಟ್ಟೆ ಸರಿಯಿಲ್ಲ". ಅಮ್ಮ ನಂಬಿದಳು.

ಮೇ 6

ಅಂಗಡಿಗೆ ಕರೆದುಕೊಂಡು ಹೋಗಿ ಅಕ್ಷರದ ಬೋರ್ಡಿನ ಮುಂದೆ ಕೂರಿಸಿದೆ. ಕೊನೆಯ ಸಾಲಿನ ತನಕ ಓದಿದ, ಎರಡೂ ಕಣ್ಣಲ್ಲಿ. ಒಂದು ತಪ್ಪಿಲ್ಲ. ಸಂಜೆ ಬರುವ ಕಣ್ಣಿನ ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು. ಬೆಳಕಿಗೆ ಅವನು ಮುಖ ಹಿಂಡಿದ್ದು ನೋಡಿ ಟಾರ್ಚ್ ಆರಿಸಿಟ್ಟರು.

"ಕಣ್ಣಿಗೆ ಏನೂ ಆಗಿಲ್ಲ. ಇದು ತಲೆಗೆ ಬಿದ್ದಿರೋ ಪೆಟ್ಟು. ನರದ ಡಾಕ್ಟರ್ ಹತ್ರ ಹೋಗಿ. ಅಲ್ಲೀತನಕ ಆಟ ಬೇಡಪ್ಪ. ಇನ್ನೊಂದು ಬಿದ್ರೆ ಕಷ್ಟ."

ಮನೆ ಹತ್ತಿರ ಬಂದಾಗ ಅವನು: "ಕಣ್ಣು ಸರಿಯಾಗಿದೆ ಅಂದ್ರಲ್ಲ."

ಬೇಕಾದ್ದಷ್ಟೇ ಕೇಳಿಸಿಕೊಂಡಿದ್ದಾನೆ.

ಮೇ 8

ಯಾಕೆಂದು ಇವತ್ತು ತಿಳಿಯಿತು. ಅಮೆರಿಕದ ದೊಡ್ಡ ಲೀಗಿನವರು ಬೇರೆ ಬೇರೆ ದೇಶಗಳಿಂದ ಹುಡುಗರನ್ನು ಆರಿಸಿ ತರಬೇತಿ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಾರಂತೆ. ನಮ್ಮ ಫೈನಲ್ ನೋಡಲು ಅವರ ಕಡೆಯವರು ಬರುತ್ತಾರೆ. ಪಟ್ಟಿಯಲ್ಲಿ ಮೊದಲ ಹೆಸರು ಗೋಡೆಯದು.

ಮೇ 9

ಅವನಿಗೆ ಹೇಳದೆ ಕೋಚ್ ಹತ್ತಿರ ಹೋದೆ. ಜಿಮ್‌ನಲ್ಲಿ ತೂಕದ ಕಬ್ಬಿಣದ ಸದ್ದು. ಕೂಗಿ ಹೇಳಬೇಕಾಯಿತು. ವಾಂತಿ, ಬೆಳಕು, ಡಾಕ್ಟರ್ ಮಾತು... ಎಲ್ಲವನ್ನೂ.

"ನಂಗೂ ಅನುಮಾನ ಇತ್ತಮ್ಮ," ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಮುಂದಿನ ಮ್ಯಾಚ್ ಕೂರಿಸ್ತೀನಿ."

"ಫೈನಲ್?"

"ಅದೇನು ಬರೀ ನನ್ ಕೈಲಿದೆಯಾ? ಜನ ಯಾರನ್ನ ನೋಡೋಕೆ ಬರ್ತಿದಾರೆ ನಿಮಗೇ ಗೊತ್ತು."

"ಸರ್, ಅವನಿಗೆ ಏನಾದ್ರೂ ಆದ್ರೆ?"

ಟವೆಲ್‌ನಿಂದ ಕೈ ಒರೆಸಿಕೊಂಡರು. ಒಣಗಿದ ಕೈಯನ್ನೇ ಒರೆಸಿಕೊಳ್ಳುತ್ತಿದ್ದರು.

ಮೇ 18, ಭಾನುವಾರ

ಬೆಂಚಿನ ಮೇಲೆ ಕೂರಿಸಿದರು. ನಾಲ್ಕರಲ್ಲಿ ಮೂರು ಭಾಗ ಆಟ ಮುಗಿಯುವ ತನಕ ಮಾತು ಉಳಿಸಿಕೊಂಡರು. ತಂಡ ಸೋಲುತ್ತಿತ್ತು. ಒಂದು ಮೂಲೆಯಿಂದ ಶುರುವಾಯಿತು — ಗೋಡೆ, ಗೋಡೆ. ಆಮೇಲೆ ಇಡೀ ಮೈದಾನ. ಕೋಚ್ ಜನರ ಕಡೆ ನೋಡಿದರು. ತಮ್ಮನ ಕಡೆ ನೋಡಿದರು. ನಾನು ಎದ್ದು ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ. ಅವನನ್ನು ಇಳಿಸಿದರು.

ಗೆದ್ದರು.

ಮೇ 20

ನಾನು ಕೋಚ್ ಹತ್ತಿರ ಹೋದದ್ದು ಗೊತ್ತಾಗಿದೆ. ಎರಡು ದಿನ ಮಾತಿಲ್ಲ. ಇವತ್ತು ಅಮ್ಮ ಹೊರಗೆ ಹೋದಾಗ ನಾನೇ ಅಡ್ಡ ನಿಂತೆ. ನರದ ಡಾಕ್ಟರ್ ಹತ್ತಿರ ಬಾ ಎಂದೆ. ಕೈಮುಗಿದೆ ಕೂಡ.

"ಫೈನಲ್ ಮುಗೀಲಿ ಬರ್ತೀನಿ."

"ಫೈನಲ್‌ನಲ್ಲೇ ಏನಾದ್ರೂ ಆದ್ರೆ?"

"ಆಗದೆ ಇದ್ರೆ?" ಎಂದ. ಜೋರಾಗಿ ಅಲ್ಲ. "ಅಕ್ಕ, ಇಷ್ಟು ದಿನ ಎಲ್ರೂ ನಂಗೆ ಏನು ಹೇಳಿದಾರೆ? ಪಕ್ಕಕ್ಕೆ ಹೋಗು, ದಾರಿ ಬಿಡು. ಇಲ್ಲಿ ಮಾತ್ರ ದಾರಿ ಬಿಡಬೇಡ ಅಂತಾರೆ. ಇದನ್ನೂ ಬಿಟ್ರೆ ನಂಗೇನಿದೆ? ಬೀರು?"



ಮೇ 25, ಬೆಳಿಗ್ಗೆ

ಫೈನಲ್. ಅಮ್ಮನೂ ಹೊರಟಿದ್ದಾಳೆ, ಮೊದಲ ಸಲ. ಅವಳಿಗೆ ಡಾಕ್ಟರ್ ಮಾತು ಹೇಳಿಲ್ಲ. ಹೇಳಿದ್ದರೂ ಅವನು ನಿಲ್ಲುತ್ತಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಅವನು ಮೊಟ್ಟೆ ತಿನ್ನುತ್ತಿದ್ದಾನೆ. ನನ್ನ ತಟ್ಟೆಗೂ ಒಂದು ಹಾಕಿದ. ಮಾತು ಬಿಟ್ಟಿದ್ದನಲ್ಲ, ರಾಜಿ ಎಂದು ಅರ್ಥ.

ಜುಲೈ 11

ಬರೆಯಲಾರೆ ಎಂದುಕೊಂಡಿದ್ದೆ. ಚಿಕ್ಕದಾಗಿ ಬರೆದು ಮುಗಿಸುತ್ತೇನೆ.

ಫೈನಲ್‌ನಲ್ಲಿ ದೊಡ್ಡ ಡಿಕ್ಕಿಯೇನೂ ಆಗಲಿಲ್ಲ. ಯಾವಾಗಲೂ ಆಗುವಂಥದ್ದೇ. ಎದ್ದ. ತನ್ನ ಜಾಗಕ್ಕೆ ನಡೆದುಕೊಂಡು ಹೋದ, ಆದರೆ ಎದುರು ತಂಡದ ಸಾಲಿನಲ್ಲಿ ಹೋಗಿ ನಿಂತ. ಜನ ತಮಾಷೆ ಎಂದುಕೊಂಡು ನಕ್ಕರು. ಅಮ್ಮನೂ ನಕ್ಕಳು. ಅಲ್ಲೇ ಕೂತ. ಆಮೇಲೆ ಮಗ್ಗುಲಾಗಿ ಮಲಗಿದ. ಆಂಬುಲೆನ್ಸ್ ಇತ್ತು, ಅದರ ಮುಂದೆ ಜನರ ಬೈಕು, ಕಾರು ಅಡ್ಡಾದಿಡ್ಡಿ ನಿಂತಿದ್ದವು. ಮೈಕಿನವನು ತೆಗೆಯಿರಿ, ತೆಗೆಯಿರಿ ಎಂದು ಕೂಗುತ್ತಲೇ ಇದ್ದ.

ತಲೆಯೊಳಗೆ ರಕ್ತ. ಆಪರೇಷನ್. ಉಳಿದ. "ಜೀವ ಉಳಿಸಿದೀವಿ," ಎಂದರು ಡಾಕ್ಟರ್. "ಮಿಕ್ಕಿದ್ದು ಎಷ್ಟು ಬರತ್ತೋ ಹೇಳಕ್ಕಾಗಲ್ಲ."

ಆಗಸ್ಟ್ 3

ಮನೆಗೆ ಕರೆತಂದು ವಾರವಾಯಿತು. ನಡೆಯುತ್ತಾನೆ, ಗೋಡೆ ಹಿಡಿದು. ಹಳೆಯದೆಲ್ಲ ನೆನಪಿದೆ. ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕಿಲ್ಲ. ಮಾತು ಹುಡುಕಿ ಹುಡುಕಿ ಆಡುತ್ತಾನೆ. ಸದ್ದಾದರೆ ಮುದುಡುತ್ತಾನೆ. ಕುಕ್ಕರ್ ಕೂಗುವ ಮೊದಲೇ ಅಮ್ಮ ಒಲೆ ಆರಿಸುತ್ತಾಳೆ. ಅನ್ನ ಅರೆಬರೆ ಬೆಂದಿರುತ್ತದೆ, ಮೂವರೂ ಅದನ್ನೇ ತಿನ್ನುತ್ತೇವೆ.

ಕೋಚ್ ಬಂದಿದ್ದರು. ಅವನ ಮುಂದೆ ಕೂತು ಅತ್ತರು. ಅವರಿಗೇ ಇವನು ಸಮಾಧಾನ ಹೇಳಿದ. "ಮುಂದಿನ ಮ್ಯಾಚ್... ಗೆಲ್ಲೋಣ ಸರ್."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಅದಕ್ಕೂ ಕಸುವು ಬೇಕು.

ಸೆಪ್ಟೆಂಬರ್ 21

ಅಮೆರಿಕದ ಎರಡು ತಂಡಗಳು ಇವತ್ತು ನಮ್ಮೂರಿನ ಸ್ಟೇಡಿಯಮ್ಮಿನಲ್ಲೇ ಆಡಿದವು. ಊರಿಗೆ ಊರೇ ಹುಚ್ಚೆದ್ದಿತ್ತು. ಎದುರು ಮನೆಯವರು ಟಿವಿ ವರಾಂಡಕ್ಕೇ ತಂದಿಟ್ಟಿದ್ದರು. ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿದೆವು. ಆದರೂ ಕೇಳುತ್ತಿತ್ತು.

"ಯಾರಕ್ಕ?"

"ಜನ."

"ನಾವು ಗೆದ್ವಾ?"

ಗೆದ್ದೆವು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಮತ್ತೆ ಗೆದ್ದೆವು.

ನವೆಂಬರ್ 16

ಕ್ಯಾಂಪಿಗೆ ಆರಿಸಿದ್ದು ಚೆಂಡು ಎಸೆಯುವವನನ್ನು. ಇವನ ಹಿಂದೆ ನಿಂತು ಆಡುತ್ತಿದ್ದ ಹುಡುಗ. ಹೊರಡುವ ಮುನ್ನ ಹೇಳಿಹೋಗಲು ಬಂದಿದ್ದ. ಒಳ್ಳೆಯವನೇ. ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ತಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ ಕೇಳಿದ:

"ನಿಂಗೇನೂ ಪೆಟ್ಟಾಗ್ಲಿಲ್ಲ ಅಲ್ವಾ?"

ಹುಡುಗ ಚಪ್ಪಲಿ ಮೆಟ್ಟಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದ.

ಫೆಬ್ರವರಿ 22

ಹೊಸ ಸೀಸನ್. ಆಯ್ಕೆಗೆ ನಿಂತವರ ಸಾಲು ಮೈದಾನದ ಗೇಟು ದಾಟಿ ಬಸ್ ಸ್ಟಾಪಿನವರೆಗೆ ಇತ್ತಂತೆ. ಲೀಗಿನವರ ಫೋನ್. ಉದ್ಘಾಟನೆ ದಿನ ಗೋಡೆ ಬಂದು ಸುಮ್ಮನೆ ಕೈ ಬೀಸಿದರೆ ಸಾಕಂತೆ. ಆಗುವುದಿಲ್ಲ ಎಂದೆ.

ಅಮ್ಮ ಫೋನು ಕಸಿದುಕೊಂಡು ಬರುತ್ತಾನೆ ಎಂದಳು. ಆಮೇಲೆ ನನಗೆ: "ಅಷ್ಟು ಜನ ಕೂಗಿದ್ರೆ ಏನಾದ್ರೂ ನೆನಪಾಗಬಹುದು ಕಣೆ."

"ಅಮ್ಮ, ಅವನಿಗೆ ಕುಕ್ಕರ್ ಸದ್ದೇ ಆಗಲ್ಲ."

"ಮತ್ತೇನ್ ಮಾಡೋಣ, ಹೇಳು. ಹೀಗೇ ಕತ್ತಲಲ್ಲಿ ಇಟ್ಕೊಂಡು ಕೂರೋಣ್ವಾ?"

ಮಾರ್ಚ್ 1, ಭಾನುವಾರ

ಅಂಗಡಿಯಿಂದ ಅತಿ ಕಪ್ಪು ಗ್ಲಾಸಿನ ಕನ್ನಡಕ ತಂದು ಹಾಕಿದೆ. ಕಿವಿಗೆ ಹತ್ತಿ. ಕೈ ಹಿಡಿದು ನಾನೇ ಮೈದಾನದ ನಡುವಿಗೆ ಕರೆದುಕೊಂಡು ಹೋದೆ. ಮೈಕಿನಲ್ಲಿ ಅವನ ಹೆಸರು. ಒಂದೇ ಸಲ ಅಷ್ಟೂ ಜನ.

ಅವನು ಕೈ ಬೀಸಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಮೊಣಕೈ ಎರಡೂ ಹೊರಗೆ, ತಲೆ ಕೆಳಗೆ.

ಮುಂದಿನ ಸಾಲಿನ ಯಾರೋ ಅದನ್ನೇ ಮಾಡಿದರು. ಅವರ ಹಿಂದಿನವರು. ಆ ಕಡೆಯವರು. ಅದು ಅವನ ಹೊಸ ಸ್ಟೈಲ್ ಎಂದುಕೊಂಡರು. ನೋಡನೋಡುತ್ತಿದ್ದಂತೆ ಇಡೀ ಮೈದಾನ ಕಿವಿ ಮುಚ್ಚಿಕೊಂಡು, ಗೋಡೆ, ಗೋಡೆ ಎಂದು ಕೂಗುತ್ತಿತ್ತು. ನಗುತ್ತಿದ್ದರು. ಯಾರ ಮುಖದಲ್ಲೂ ಕೆಟ್ಟದ್ದಿರಲಿಲ್ಲ.

ಅಮ್ಮ ಗೇಟಿನ ಹತ್ತಿರ ನಿಂತಿದ್ದಳು. ವಾಪಸು ಬರುವಾಗ ಅವಳೂ ನಾನೂ ಮುಖ ನೋಡಿಕೊಳ್ಳಲಿಲ್ಲ.

ಮಾರ್ಚ್ 4

ವಿಡಿಯೊ ಎಲ್ಲೆಡೆ. ಬೇರೆ ಊರಿನ ಆಟಗಾರರೂ ಚೆಂಡು ಗೆರೆ ದಾಟಿದ ಮೇಲೆ ಹಾಗೇ ಮಾಡುತ್ತಿದ್ದಾರಂತೆ. ಅಂಗಡಿಯಲ್ಲಿ ಇವತ್ತು ಒಬ್ಬ ಹೊಸ ಫ್ರೇಮ್ ಹಾಕಿಕೊಂಡು ಕನ್ನಡಿಯ ಮುಂದೆ ಕಿವಿ ಮುಚ್ಚಿ ಫೋಟೊ ತೆಗೆಸಿಕೊಂಡ. "ಗೋಡೆ ಸ್ಟೈಲ್, ಮೇಡಂ." ಫೋಟೊ ತೆಗೆದವಳು ನಾನು. ಅವನೇ ಫೋನು ಕೈಗೆ ಕೊಟ್ಟ, ತೆಗೆದೆ.

ಮನೆಗೆ ಬಂದಾಗ ತಮ್ಮ ಕಿಟಕಿಯ ಹತ್ತಿರ ಕೂತಿದ್ದ. ಪರದೆ ತಾನೇ ಸರಿಸಿದ್ದಾನೆ, ಇಷ್ಟು ತಿಂಗಳಲ್ಲಿ ಮೊದಲ ಸಲ. ಕೆಳಗೆ ಬೀದಿಯಲ್ಲಿ ಮಕ್ಕಳು ಆಟ ನಿಲ್ಲಿಸಿ, ಅವನನ್ನು ಗುರುತಿಸಿ, ಸಾಲಾಗಿ ನಿಂತು ಕಿವಿ ಮುಚ್ಚಿಕೊಂಡಿದ್ದವು. ಅವನು ಒಂದೊಂದೇ ಮುಖ ನೋಡುತ್ತಿದ್ದ.

"ಅಕ್ಕ... ಪಾಪ, ಅವಕ್ಕೂ ನೋಯ್ತಿದೆಯಾ?"

ಇಲ್ಲ ಕಣೋ ಎನ್ನಲು ಹೋದೆ. ಅವನು ಆಗಲೇ ಎದ್ದು, ಗೋಡೆ ಹಿಡಿದುಕೊಂಡು, ಅವರನ್ನು ಒಳಗೆ ಕರೆಯೋಣ, ಇಲ್ಲಿ ಕತ್ತಲಿದೆ, ಸದ್ದಿಲ್ಲ ಎಂದು ಬಾಗಿಲ ಕಡೆ ನಡೆದಿದ್ದ. ನಾನು ಹೋಗಿ ಬಾಗಿಲು ತೆರೆದೆ.