ಸ್ವಾಮಿಯ ಪಾಲು

ಕೂಡ್ಲಿಗಿ,
೧೫–೩–೨೦೦೪, ಸೋಮವಾರ

ನನ್ನ ಗೀತಾಂಜಲಿಗೆ,

ಕೊಟ್ಟೂರಿನ ಹಾಸ್ಟೆಲ್ಲಿನಲ್ಲಿ ಮೂರು ವರ್ಷ ನಿನ್ನ ಚಾದರ ಎಳೆದುಕೊಂಡು ಮಲಗಿದ ಶಿವಲೀಲಾ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಸುಳ್ಳು ಬರೆಯಲು ಕೈ ಬರುತ್ತಿಲ್ಲ. ಗುರುವಾರ ನಿಮ್ಮ ಔಷಧಿ ಕಂಪನಿಗೆ ಹಣ ಹಾಕುವ ಹೊರದೇಶದವರು ಬಸರಿಹಟ್ಟಿಗೆ ಬರುತ್ತಾರಂತೆ. ನಲವತ್ತೆರಡು ಜನ ದಿನಾ ನನ್ನ ಕಣ್ಣೆದುರೇ ಇಡೀ ಗುಳಿಗೆ ನುಂಗಿದರು ಎಂದು ನಾನು ಅವರ ಮುಂದೆ ಸಹಿ ಹಾಕಬೇಕು. ಗೀತಾ, ಅವರು ನುಂಗಿಲ್ಲ. ಅಷ್ಟರೊಳಗೆ ನೀನು ಆ ಗುಳಿಗೆ ನಿಲ್ಲಿಸಬೇಕು. ಇಲ್ಲದಿದ್ದರೆ ಇಲ್ಲಿ ಇನ್ನೊಂದು ಹೆಣ ಬೀಳುತ್ತದೆ.

ಇನ್ನೊಂದು ಎಂದೆ. ಮೊದಲನೆಯದನ್ನು ನಿನಗೆ ಹೇಳಿಯೇ ಇಲ್ಲ.

ಹೋದ ವರ್ಷ ನೀನೇ ಈ ಕೆಲಸ ಕೊಡಿಸಿದಾಗ ನಾನು ಎಷ್ಟು ಹಾರಾಡಿದ್ದೆ! ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ಸೂಜಿ ಚುಚ್ಚಿದರೂ ಕಾಣದ ಸಂಬಳ. ನೀನೇ ಮಾಡಿದ ಒಂದೇ ಗುಳಿಗೆ, ಎರಡು ರೋಗಕ್ಕೆ. ಬಿಳಿ ಪದರ ಬಿಪಿಗೆ, ಹಳದಿ ಪದರ ಶುಗರಿಗೆ ಎಂದು ನೀನು ಬಿಡಿಸಿ ಹೇಳಿದ್ದೆ. ಎರಡೂ ರೋಗ ಇದ್ದವರನ್ನು ಹುಡುಕಿ ಪಟ್ಟಿ ಮಾಡಿ, ಬೆಳಿಗ್ಗೆ ಮನೆಮನೆಗೆ ಹೋಗಿ ನುಂಗಿಸಿ ಗುರುತು ಹಾಕುವುದು ನನ್ನ ಕೆಲಸ. ಪಟ್ಟಿಯಲ್ಲಿದ್ದವರಿಗೆ ತಿಂಗಳಿಗೆ ಮುನ್ನೂರು ರೂಪಾಯಿ. ಅಷ್ಟಕ್ಕೆ ಜನ ತಮ್ಮ ರೋಗವನ್ನು ದೊಡ್ಡದು ಮಾಡಿ ಹೇಳುತ್ತಿದ್ದರು. ನಿನ್ನ ಕಾರಿನ ತಿಂಗಳ ಪೆಟ್ರೋಲಿಗೆ ಆ ಮುನ್ನೂರು ಸಾಲುತ್ತದೋ ಇಲ್ಲವೋ, ಮಾರಾಯ್ತಿ.

ರಕ್ತದ ಸೀಸೆ ಇಡಲು ಪಟ್ಟಿಯಲ್ಲಿದ್ದ ಗಂಗಪ್ಪನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದರಲ್ಲ, ಅಲ್ಲೊಂದು ಫ್ರಿಜ್ಜು, ಅದಕ್ಕೊಂದು ಜನರೇಟರು. ಹಟ್ಟಿಗೆ ಹಗಲು ಕರೆಂಟಿಲ್ಲ. ಫ್ರಿಜ್ಜು ಮಾತ್ರ ಯಾವಾಗಲೂ ಗುಂಯ್ ಎನ್ನುತ್ತಿರುತ್ತದೆ. ಮುದುಕರು ಆ ಕೋಣೆಯ ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಾರೆ. "ನಮ್ಮ ರಗತ ತಣ್ಣಗ ಐತಿ, ನಾವು ಬೇಯಾಕ ಹತ್ತೀವಿ ನೋಡ್ರಿ ಸಿಸ್ಟರ್" ಎಂದು ಗಂಗಪ್ಪ ನಗುತ್ತಿದ್ದ. ಆಗ ನಾನೂ ನಕ್ಕಿದ್ದೆ.

ಈಗ ಸ್ವಾಮಿಯ ಪಾಲಿನ ವಿಷಯ. ಬಸರಿಹಟ್ಟಿಯಲ್ಲಿ ಮೈಲಾರಲಿಂಗಪ್ಪನ ಸಣ್ಣ ಗುಡಿ ಇದೆ. ಕೈಗೆ ಬಂದ ಹೊಸದು ಯಾವುದೇ ಇರಲಿ, ಸ್ವಾಮಿಯ ಪಾಲು ಎತ್ತಿಡದೆ ಬಾಯಿಗೆ ಹಾಕಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಮೊದಲ ದಿನವೇ ಗಂಗಪ್ಪ ಗುಳಿಗೆಯ ನಡುವೆ ಉಗುರು ಹಾಕಿದ. ಕಡಲೆ ಎರಡು ಬೇಳೆ ಆದಂತೆ ಅದು ಎರಡು ಹೋಳಾಯಿತು. ಬಿಳಿಯದನ್ನು ನುಂಗಿದ, ಹಳದಿಯದನ್ನು ಕಣ್ಣಿಗೊತ್ತಿ ಕಾಗದದಲ್ಲಿ ಮಡಚಿಟ್ಟುಕೊಂಡ. "ಹಳದಿ ಸ್ವಾಮಿದ್ರಿ, ಭಂಡಾರದ ಬಣ್ಣ ಅಲ್ಲೇನ್ರಿ" ಎಂದು ಹಣೆಗೆ ಬಳಿದ ಗುಡಿಯ ಅರಿಶಿಣ ಮುಟ್ಟಿ ತೋರಿಸಿದ. ಪದರ ಬಿಡುತ್ತಿದೆ, ಸರಿಪಡಿಸಲು ಇನ್ನೂ ಆರು ತಿಂಗಳು ಬೇಕು, ಆದರೆ ಹಣ ಹಾಕುವವರು ಕಾಯುವುದಿಲ್ಲ ಎಂದು ನೀನು ಬರೆದಿದ್ದೆಯಲ್ಲ? ಆ ಬಿಟ್ಟ ಪದರ ಇಲ್ಲಿ ದೇವರ ಪಾಲಾಯಿತು.

ನಾನು ಬೈದೆ. ಆಗ ಪೂಜಾರಿ ಜೋಗಪ್ಪ ಬಂದು ಮೆತ್ತಗೆ ಹೇಳಿದ: "ಪಾಲು ಬ್ಯಾಡ ಅಂದ್ರ ಹಟ್ಟ್ಯಾಗ ಒಬ್ರೂ ನಿಮ್ಮ ಗುಳಿಗಿ ಮುಟ್ಟಂಗಿಲ್ರಿ, ನೋಡ್ರಿ ಮತ್ತ." ನಲವತ್ತೆರಡು ಹೆಸರು ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು. ಪುಸ್ತಕದಲ್ಲಿ ಗುರುತು ಹಾಕಿದೆ. ಮರುದಿನವೂ ಹಾಕಿದೆ. ಒಂದು ಸಲ ನುಂಗಿದ ಸುಳ್ಳು ಎರಡನೇ ಸಲ ಗಂಟಲಿಗೆ ಸಿಗುವುದಿಲ್ಲ ನೋಡು.

ಆ ಹಳದಿ ಹೋಳುಗಳು ಎಲ್ಲಿ ಹೋಗುತ್ತವೆ ಎಂದು ನಾನು ಕೇಳಲೇ ಇಲ್ಲ. ಗುಡಿಯ ಗೂಡಿನಲ್ಲಿ ಬಿದ್ದು ಬೂಸಲು ಹಿಡಿಯುತ್ತವೆ ಎಂದುಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ಹಟ್ಟಿಯಲ್ಲಿ ದೇವರು ಬರಲು ಶುರುವಾಯಿತು. ಮೊದಲು ಜೋಗಪ್ಪನ ಮೈಮೇಲೆ, ಆಮೇಲೆ ಅವನ ಮಗಳು ದ್ಯಾಮಕ್ಕನ ಮೈಮೇಲೆ, ಆಮೇಲೆ ಬೆಳಿಗ್ಗೆ ಗುಡಿಗೆ ಬಂದ ಯಾರ ಮೇಲಾದರೂ. ಡೊಳ್ಳಿಲ್ಲ, ಹಾಡಿಲ್ಲ. ಸುಮ್ಮನೆ ಕೂತವರ ಮೈಯಿಂದ ಬೆವರು ಇಳಿಯುತ್ತಿತ್ತು, ಕೈ ನಡುಗುತ್ತಿತ್ತು, ಕಣ್ಣು ನಮ್ಮನ್ನು ದಾಟಿ ಎಲ್ಲೋ ನೋಡುತ್ತಿದ್ದವು. ಜೋಗಪ್ಪನ ಸೊಂಟದ ಗಂಟೆಸರ ಅವನು ಕೂತಲ್ಲೇ ಕಿಣಿಕಿಣಿ ಎನ್ನುತ್ತಿತ್ತು. ಅದರ ಹಿಂದೆ ಫ್ರಿಜ್ಜಿನ ಗುಂಯ್. ನಾನು ಗುಳಿಗೆಯ ಡಬ್ಬಿ ಹಿಡಿದು ಆ ಎರಡು ಸದ್ದಿನ ನಡುವೆ ಹಾದು ಹೋಗುತ್ತಿದ್ದೆ, ಹೆದರಿ ನಾನೂ ಕೈಮುಗಿಯುತ್ತಿದ್ದೆ. ಕೊಟ್ಟೂರಿನಿಂದ, ಹಡಗಲಿಯಿಂದ ಜನ ಬರತೊಡಗಿದರು. ಎಲ್ಲರಿಗೂ ಜೋಗಪ್ಪ ಚಿಟಿಕೆ ಭಂಡಾರ ನಾಲಿಗೆಗೆ ಹಾಕಿ ಕಳಿಸುತ್ತಿದ್ದ.

ಅತ್ತ ನೀನು ಕಾಗದ ಬರೆದೆ. ತಪಾಸಣೆಯಲ್ಲಿ ಬಿಪಿ ಇಳಿದಿದೆ, ರಕ್ತದ ಶುಗರು ಕದಲಿಲ್ಲ, ಮೇಲಿನವರು ಕಿಡಿಕಿಡಿ ಆಗಿದ್ದಾರೆ, ಅದಕ್ಕೆ ಹಳದಿ ಪದರದ ಔಷಧಿ ದುಪ್ಪಟ್ಟು ಮಾಡಿ ಕಳಿಸಿದ್ದೇನೆ ಎಂದು. ಆ ಸಾಲನ್ನು ಎರಡು ಸಲ ಓದಿ ಕಾಗದ ಮಡಚಿಟ್ಟೆ. ಆಗಲಾದರೂ ಬಾಯಿ ಬಿಡಬೇಕಿತ್ತು. ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನೆಪ ಅದು. ನನ್ನ ಸಂಬಳದ ಆಸೆ ದೊಡ್ಡದಿತ್ತು.

ಹೊಸ ಗುಳಿಗೆ ಬಂದ ಹನ್ನೊಂದನೆಯ ದಿನ ಜೋಗಪ್ಪ ಗುಡಿಯ ಕಟ್ಟೆಯ ಮೇಲೆ ಕೂತಲ್ಲೇ ಸತ್ತಿದ್ದ. ತುಟಿಯ ಮೇಲೆ ಹಳದಿ, ಮುಖದಲ್ಲಿ ನಗು. ಜನ ಅಳಲಿಲ್ಲ. ಸ್ವಾಮಿ ಕರೆದುಕೊಂಡ ಎಂದು ಕಾಯಿ ಒಡೆದರು. ಪಕ್ಕದಲ್ಲಿ ದ್ಯಾಮಕ್ಕ ನಡುಗುತ್ತ ಕೂತಿದ್ದಳು, ಅವಳ ಬಳೆಗಳು ಒಂದೇ ಸಮನೆ ಗಲಗಲ. ಆ ಬೆವರು ನೋಡಿ ನನಗೆ ಒಮ್ಮೆಲೇ ಆಸ್ಪತ್ರೆಯ ವಾರ್ಡಿನಲ್ಲಿ ಶುಗರು ಇಳಿದವರು ಬೆವರುತ್ತಿದ್ದುದು ನೆನಪಾಯಿತು. ಚೀಲದಲ್ಲಿದ್ದ ಮಿಷಿನ್ನಿನಿಂದ ಅವಳ ಬೆರಳು ಚುಚ್ಚಿ ನೋಡಿದರೆ, ಎಪ್ಪತ್ತಕ್ಕಿಂತ ಇಳಿಯಬಾರದ ಶುಗರು ಮೂವತ್ತೆಂಟು! ಅವಳು ಪಟ್ಟಿಯಲ್ಲೇ ಇಲ್ಲ, ಒಂದು ಗುಳಿಗೆಯನ್ನೂ ನುಂಗಿದವಳಲ್ಲ. ಎಡೆಗೆ ಇಟ್ಟಿದ್ದ ಬೆಲ್ಲ ಪುಡಿ ಮಾಡಿ ಅವಳ ದವಡೆಗೆ ಉಜ್ಜಿದೆ. ಸ್ವಲ್ಪ ಹೊತ್ತಿಗೆ ನೋಟ ನೆಟ್ಟಗಾಯಿತು. ಸುತ್ತ ನೋಡಿ, "ಸ್ವಾಮಿ ಹೋದ" ಎಂದು ಬಿಕ್ಕಿಬಿಕ್ಕಿ ಅತ್ತಳು.

ಭಂಡಾರ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಅವಳು ಗುಡಿಯ ಹಿಂದಿನ ಬೀಸುವ ಕಲ್ಲು ತೋರಿಸಿದಳು. "ಸ್ವಾಮಿದು ಸ್ವಾಮಿಗೇ ಸೇರಬೇಕಲ್ಲವ್ವ. ಪಾಲು ಎಸೆಯಂಗಿಲ್ಲ. ಅರಿಶಿಣದ ಕೂಡ ಬೀಸಿ ಕೊಪ್ಪರಿಗಿಗೆ ಹಾಕ್ತೀವಿ." ಗೀತಾ, ನಲವತ್ತೆರಡು ಜನರ ಹೋಳು, ಎಂಟು ತಿಂಗಳು!

ಇದು ವಿಷ ಎಂದು ಕಟ್ಟೆಯ ಮೇಲೆ ನಿಂತು ಕೂಗಿದೆ. ಯಾರು ನಂಬುತ್ತಾರೆ? "ಬೆಲ್ಲ ತಿನ್ಸಿ ದೇವ್ರನ್ನ ಓಡ್ಸಿದಾಕಿ" ಎಂದು ಹೆಸರಿಟ್ಟರು. ಗುಡಿಯ ಒಳಗೆ ಕಾಲಿಡಲು ಬಿಡುತ್ತಿಲ್ಲ. ಕೊಪ್ಪರಿಗೆ ಅಲ್ಲೇ ಇದೆ. ಪೂಜೆ ಈಗ ದ್ಯಾಮಕ್ಕನದು, ದಿನಾ ಮೊದಲ ಚಿಟಿಕೆ ಅವಳದೇ. ನಿನ್ನೆ ಅವಳ ಕೈ ಹಿಡಿದು ಬೇಡಿಕೊಂಡೆ. ಅವಳು ಹೇಳಿದಳು: "ದೀಪಾವಳಿ ತನಕ ಯಾರೂ ನಮ್ಮ ಹಟ್ಟಿ ಕಡಿ ತಿರುಗಿ ನೋಡಿದ್ದಿಲ್ಲ. ಈಗ ಸ್ವಾಮಿ ಬಂದಾನ, ಫಾರಿನ್ನವರೂ ಬರಾಕ ಹತ್ಯಾರ. ಇದನ್ನ ಬಿಡು ಅಂತೀಯಲ್ಲ, ನೀನು ಏನು ಕೊಡ್ತಿ?" ಹಿಡಿದ ಕೈ ಬಿಟ್ಟು ಬಂದೆ.

ಜೋಗಪ್ಪ ಸತ್ತು ಇಂದಿಗೆ ಹತ್ತೊಂಬತ್ತು ದಿನ. ಅಂದಿನಿಂದ ಹಟ್ಟಿಯಲ್ಲಿ ಕೂಗುತ್ತಿದ್ದೇನೆ, ಆದರೆ ಕಂಪನಿಗೆ ಒಂದಕ್ಷರ ತಿಳಿಸಿಲ್ಲ. ಕೂಗಿದ್ದಕ್ಕೆ ಸಂಬಳ ನಿಲ್ಲುವುದಿಲ್ಲ, ಬರೆದರೆ ನಿಲ್ಲುತ್ತದೆ. ಇವತ್ತು ಬರೆದೆ. ಗುರುತಿನ ಪುಸ್ತಕವನ್ನು ತಾಲೂಕು ಆಸ್ಪತ್ರೆಯ ಡಾಕ್ಟರಿಗೆ ಕೊಟ್ಟು ಬಂದೆ. ಅವರು ನಾಳೆ ಬೆಳಿಗ್ಗೆ ಪೊಲೀಸರ ಜೊತೆ ಹೋಗಿ ಕೊಪ್ಪರಿಗೆ ಎತ್ತಿಸುತ್ತಾರಂತೆ. ಡಬ್ಬಿಗಳೆಲ್ಲ ನನ್ನ ಬಳಿಯೇ ಇವೆ, ಇನ್ನು ಒಬ್ಬರಿಗೂ ಕೊಡುವುದಿಲ್ಲ. ನೀನು ಅಲ್ಲಿಂದ ನಿಲ್ಲಿಸು. ನಿನ್ನ ಹೆಸರು ಕೆಡುತ್ತದೆ, ಗೊತ್ತು. ನನ್ನನ್ನು ಬೈ, ಹೊಡೆ, ಮಾತು ಬಿಡು. ಆದರೆ ನಿಲ್ಲಿಸು.

ನಿನ್ನ ಆರೋಗ್ಯ ನೋಡಿಕೋ. ಬೆಳಿಗ್ಗೆ ಎದ್ದರೆ ಕೈನಡುಕ, ಬೆವರು ಎಂದು ನೀನು ಬರೆದಿದ್ದೆ. ಐದು ತಿಂಗಳ ಬಸುರಿಗೆ ಅದೆಲ್ಲ ಇರುವುದೇ ಎಂದು ಡಾಕ್ಟರ್ ಹೇಳಿದರಂತಲ್ಲ. ನಿನ್ನ ಯಜಮಾನರು ಅರುಣಕುಮಾರ್ ಅವರು ಟೂರಿಗೆ ಹೋದಾಗ ಒಬ್ಬಳೇ ಇರಬೇಡ.

ನಿನ್ನವಳೇ ಆದ, ನಿನಗೆ ಮುಖ ತೋರಿಸಲಾರದ
ಶಿವಲೀಲಾ

ಮರೆತ ಮಾತು: ವಿಳಾಸಕ್ಕೆಂದು ನಿನ್ನ ಹಿಂದಿನ ಕಾಗದ ಬಿಚ್ಚಿದೆ. ಅಂಚಿನಲ್ಲಿ ನಿನ್ನ ಬೆರಳಿನ ಗುರುತು ಇದೆ. ಹಳದಿ.

ನಿನ್ನ ಅಮ್ಮ ಕಲ್ಯಾಣಮ್ಮ, ಮಗಳು ಬಸುರಿ, ದೇವರು ಬರುವ ಗುಡಿಯ ಭಂಡಾರ ತಂದುಕೊಡವ್ವ ಎಂದು ನನ್ನನ್ನೇ ಕೇಳಿದ್ದರು. ಸಂಕ್ರಾಂತಿಯ ಮೊದಲು ನನ್ನ ಅಣ್ಣ ಗುರುಬಸವರಾಜನ ಕೈಲಿ ಉಂಡೆ ಡಬ್ಬಿಯ ಜೊತೆ ಕಳಿಸಿದ ಪೊಟ್ಟಣದ ಹಳದಿ ಅದು. ಹೊಸ ಗುಳಿಗೆ ಬಂದ ಮೇಲೆ ಎರಡನೆಯದನ್ನೂ ಕಳಿಸಿದೆ. ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಚಿಟಿಕೆ ಹಾಕಿಕೋ ಎಂದು ಮೇಲೆ ಬರೆದವಳು ನಾನು. ದ್ಯಾಮಕ್ಕನ ಬೆರಳು ಚುಚ್ಚಿದಾಗಲೂ, ಕಟ್ಟೆಯ ಮೇಲೆ ಕೂಗಿದಾಗಲೂ ನನಗೆ ಆ ಪೊಟ್ಟಣ ನೆನಪಾಗಲಿಲ್ಲ. ಆಣೆ ಮಾಡಿ ಹೇಳುತ್ತೇನೆ ಗೀತಾ, ನೆನಪಾಗಲಿಲ್ಲ.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ನಿನ್ನ ಮನೆಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದರು. ಗೀತಾ ಎಂದೆ. ಮಾತಿಲ್ಲ. ಸಕ್ಕರೆ ತಿನ್ನು, ಕೈಗೆ ಸಿಕ್ಕಷ್ಟು ಸಕ್ಕರೆ ಬಾಯಿಗೆ ಹಾಕಿಕೋ ಎಂದು ಬೂತಿನವನು ಬೆಚ್ಚಿ ಬೀಳುವ ಹಾಗೆ ಕೂಗಿದೆ. ಆ ಕಡೆಯಿಂದ ಬಳೆ ಸದ್ದು ಮಾತ್ರ ಬರುತ್ತಿತ್ತು, ಗಲಗಲ, ಗಲಗಲ, ಒಂದೇ ಸಮನೆ. ಆಮೇಲೆ ಫೋನ್ ಕೆಳಗೆ ಬಿದ್ದ ಸದ್ದಾಯಿತು.

ನಿಮ್ಮ ಆಫೀಸಿನ ಗೇಟಿನವನಿಗೆ ಫೋನ್ ಮಾಡಿ, ಯಾರನ್ನಾದರೂ ನಿನ್ನ ಮನೆಗೆ ಓಡಿಸು ಎಂದು ಬೇಡಿಕೊಂಡಿದ್ದೇನೆ. ನಿಮ್ಮೂರಿಗೆ ಬರುವ ಐದರ ಬಸ್ಸಿಗೆ ನಾನೇ ಹತ್ತುತ್ತಿದ್ದೇನೆ, ಈ ಕಾಗದ ನನ್ನ ಕೈಯಲ್ಲೇ ಇದೆ. ಬಾಗಿಲು ನೀನೇ ತೆಗೆದರೆ ಇದನ್ನೆಲ್ಲ ನಿನ್ನ ಕಾಲ ಬಳಿ ಕೂತು ಬಾಯಿಂದಲೇ ಹೇಳುತ್ತೇನೆ. ಬೇರೆ ಯಾರಾದರೂ ತೆಗೆದರೆ, ಅವರು ಇದನ್ನು ಓದಲಿ.