ಫ್ರೆಂಚ್ ವೀರನ ಈಟಿ

ಮೆಕಿನ್ನಿ, ಟೆಕ್ಸಸ್
೧೪ ಏಪ್ರಿಲ್ ೨೦೨೫

ಸಮೀಕ್ಷಾಳ ಅಪ್ಪನಿಗೆ ವಸಂತಾಳ ನಮಸ್ಕಾರ.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಬಾಟಲಿ ನೋಡಿಯೇ ವಾಸಿಯಾಗಲೆಂದು ಕೂತಿದ್ದೀರಾ? ಫೋನಿನಲ್ಲಿ ಮಗಳ ಹೆಸರೆತ್ತಿದರೆ ಇಟ್ಟುಬಿಡುತ್ತೀರಿ. ಅದಕ್ಕೇ ಮೈಸೂರಿಗೆ ಹೊರಟಿರುವ ಪಕ್ಕದ ಮನೆಯ ಸುಪ್ರಜಾಳ ಕೈಯಲ್ಲಿ ಈ ಕಾಗದ.

ಶನಿವಾರ ಡಲ್ಲಾಸ್‌ನಿಂದಾಚೆ ಒಂದು ಮೇಳಕ್ಕೆ ಹೋಗಿದ್ದೆವು. ಫ್ರೆಂಚ್ ಮತ್ತು ಇಂಗ್ಲಿಷ್ ವೀರರ ಹಳೇಕಾಲದ ವೇಷ ತೊಟ್ಟು, ಕುದುರೆ ಮೇಲೆ ಈಟಿ ಹಿಡಿದು ಎದುರುಬದುರು ನುಗ್ಗುವ ಪಂದ್ಯ. ನಡುವೆ ಎದೆಯೆತ್ತರದ ಬೇಲಿ. ಎದುರಾಳಿಯ ಗುರಾಣಿಗೆ ಹೊಡೆದು ಈಟಿ ಮುರಿದರೆ ಅಂಕ. ಮುರಿಯಲೆಂದೇ ಈಟಿ ಮಾಡುತ್ತಾರಂತೆ, ಎಂಥ ವಿಚಿತ್ರ! ಕವಚ ಎತ್ತಿ ನೋಡಿದೆ, ಅಕ್ಕಿ ಮೂಟೆಯಷ್ಟು ಭಾರ. ಇಂಗ್ಲಿಷ್ ವೀರ ಹೂಸ್ಟನ್‌ನ ಹಲ್ಲಿನ ಡಾಕ್ಟರು. ಫ್ರೆಂಚ್ ವೀರ ಯಾರು ಗೊತ್ತೇ? ಕುದುರೆ ಡಾಕ್ಟರಾದ ನಿಮ್ಮ ಮಗಳು! ಶ್ರೀರಂಗಪಟ್ಟಣದ ಪಕ್ಕದವರಾದ ನಮಗೆ ಫ್ರೆಂಚರ ಪಕ್ಷ ಹೊಸದೇನಲ್ಲವಲ್ಲ.

ಮತ್ತೆ ಕುದುರೆ ಹತ್ತಿದ್ದೇನೆ ಎಂದು ಅವಳು ಹೇಳಿದಾಗಿನಿಂದ, ಎಂಟು ತಿಂಗಳು, ನೀವು ಅವಳೊಡನೆ ಮಾತು ಬಿಟ್ಟಿದ್ದೀರಿ. ಹದಿನಾಲ್ಕು ವರ್ಷದವಳಿದ್ದಾಗ, ನೀವು ಕಲಿಸುತ್ತಿದ್ದಾಗಲೇ ಬಿದ್ದು ಕೈ ಮುರಿದುಕೊಂಡಳು. ನಿಮ್ಮದು ಕೋಪವಲ್ಲ, ಹೆದರಿಕೆ. ನನಗೂ ಹೆದರಿಕೆಯೇ, ಮೊದಲ ಓಟಕ್ಕೆ ಕಣ್ಣು ಮುಚ್ಚಿಕೊಂಡೆ. ಎರಡನೆಯದಕ್ಕೆ ಕುತೂಹಲ ಬಿಡಲಿಲ್ಲ.

ಸೋತಳು. ಮೂರು ಓಟದಲ್ಲೂ ಎದುರಾಳಿ ಹತ್ತಿರವಾಗುತ್ತಿದ್ದಂತೆ ಅವಳ ಈಟಿಯ ತುದಿ ನೆಲದ ಕಡೆ ಇಳಿಯಿತು. ಆಸ್ಟಿನ್‌ನಿಂದ ಬಂದಿದ್ದ ಕೋಚ್ ಹೆಂಗಸು ಹಣೆ ಚಚ್ಚಿಕೊಂಡಳು, ಇಂಥ ತಪ್ಪು ಬೇರೆ ಯಾರೂ ಮಾಡುವುದಿಲ್ಲವಂತೆ. ನನಗೆ ತಕ್ಷಣ ಹೊಳೆಯಿತು. ನಿಮ್ಮ ಪೊಲೀಸ್ ಕುದುರೆದಳದ ಮೈದಾನದಲ್ಲಿ ನೆಲಕ್ಕೆ ನೆಟ್ಟ ಗೂಟವನ್ನು, ಓಡುವ ಕುದುರೆಯ ಮೇಲಿಂದ ಈಟಿಯಲ್ಲಿ ಕೀಳುವುದನ್ನು ಕಲಿಸಿದವರು ನೀವು. "ತುದಿ ಇಳ್ಸು ಕಂದಾ, ಇನ್ನೂ ಇಳ್ಸು" ಎಂದು ಕೂಗುತ್ತಿದ್ದಿರಿ. ಯಾರು ಕಲಿಸಿದ್ದು ಎಂದು ಕೋಚ್ ಕೇಳಿದರೆ ಇವಳು ಕುದುರೆಯ ಜೀನು ಬಿಚ್ಚತೊಡಗಿದಳು. ಬರುವಾಗ ಕಾರಿನಲ್ಲಿ ಅಂದದ್ದು ಇಷ್ಟೇ: "ಸೋತೆ ಅಂತ ಮಾತ್ರ ಅಪ್ಪಂಗೆ ಹೇಳ್ಬೇಡಮ್ಮ." ನನಗೆ ಅಳು ಬಂತು.

ಮಾತ್ರೆ ಮರೆಯಬೇಡಿ. ಎದುರುಮನೆ ಅನುಸೂಯಮ್ಮನವರನ್ನು ಕೇಳಿದೆನೆಂದು ಹೇಳಿ.

ನಿಮ್ಮ
ವಸಂತಾ

ತಾ.ಕ.: ಸುಪ್ರಜಾ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಈಟಿಯ ತುದಿ ನಡುವಿನ ಆ ಬೇಲಿಗೆ ತಗುಲಿದರೆ ಸವಾರನೇ ಹಾರಿ ಬೀಳುತ್ತಾನಂತೆ. ಮೇ ಹತ್ತಕ್ಕೆ ಮತ್ತೆ ಪಂದ್ಯ. ಬೇಡ ಎಂದರೆ ಕೇಳುವವಳಲ್ಲ. ಫೋನ್ ಮಾಡಿ. ಇಳಿಸು ಎಂದವರು ನೀವು, ಎತ್ತು ಎಂದೂ ನೀವೇ ಹೇಳಬೇಕು. ಬೇರೆ ಯಾರು ಹೇಳಿದರೂ ಆ ಕೈ ಕೇಳುತ್ತಿಲ್ಲ.