ಗೆರೆಯ ಮೇಲಿನ ಗಂಟುಗಳು

ತಾಲೆಗಾನ್,
ಶಹ್ರೀವರ್ ತಿಂಗಳು, ಗುರುವಾರ ಮಧ್ಯಾಹ್ನ

ನನ್ನ ಕಣ್ಣಿನ ಬೆಳಕು ಶಹ್ಲಾ,

ಮೊದಲು ನಿನ್ನ ಆರೋಗ್ಯದ ವಿಷಯ. ಬೆನ್ನುನೋವು ಹೇಗಿದೆ? ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸವನ್ನೆಲ್ಲ ಆ ಆಸ್ಪತ್ರೆಯವರು ನಿನ್ನೊಬ್ಬಳ ತಲೆಗೇ ಕಟ್ಟುತ್ತಾರೆಂದು ನಿನ್ನಮ್ಮನ ಗುಮಾನಿ. ಕೂತು ಊಟ ಮಾಡುತ್ತೀಯೋ, ನಿಂತಲ್ಲೇ ಚಹಾ ಸುರಿದುಕೊಂಡು ಓಡುತ್ತೀಯೋ? ಉತ್ತರ ಬರೆ, ಸುಳ್ಳು ಬರೆಯಬೇಡ. ನಮ್ಮ ಪರ್ವಾನೆ ಟೀಚರ್ ಶಾಲೆ ತೆರೆಯುವ ಮುಂಚೆ ನೀನಿರುವ ಮಶ್ಹದ್‌ಗೇ ಯಾತ್ರೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಕಾಗದವನ್ನೂ ಒಂದು ಚೀಲ ಹಸಿ ಅಕ್ರೋಟನ್ನೂ ಕಳಿಸುತ್ತಿದ್ದೇನೆ. ನಿನ್ನಮ್ಮ ಫೋನಿನಲ್ಲಿ "ಡಾಕ್ಟರನ್ನ ನೋಡ್ಕೊಂಡು ಬಂದ್ವಿ, ಹೆದರ್ಬೇಡ, ಮಿಕ್ಕಿದ್ದು ನಿಮ್ಮಪ್ಪಾನೇ ಬರೀತಾರಂತೆ" ಎಂದಷ್ಟೇ ಹೇಳಿದಳಂತೆ. ಹಾಗೆ ಹೇಳೆಂದವನು ನಾನೇ. ಫೋನಿನಲ್ಲಿ ನೀನು ನನ್ನನ್ನು ಒಂದು ವಾಕ್ಯವನ್ನಾದರೂ ಮುಗಿಸಲು ಬಿಟ್ಟಿದ್ದೀಯಾ? ಇಲ್ಲಿ ರಂಗ ನನ್ನದು. ಕೂತು ಕೇಳು!

ಹೋದ ಚಳಿಗಾಲದಲ್ಲಿ ನನ್ನ ಹೃದಯದ ನಾಳಕ್ಕೆ ಆ ಸಣ್ಣ ಬಲೆ ಹಾಕಿಸಿ ಮನೆಗೆ ಕರೆತಂದ ಮೇಲೆ, ನಿನ್ನ ಬೆಟ್ಟ ಹತ್ತುವ ದಿನಗಳ ಜಿಪಿಎಸ್ ಯಂತ್ರವನ್ನು ನನ್ನ ಅಂಗೈಯಲ್ಲಿಟ್ಟು ನೀನು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಬಾಬಾ, ದಿನಾ ಬೆಳಿಗ್ಗೆ ಗುಡ್ಡದ ಮೇಲಿನ ದರ್ಗಾವರೆಗೂ ನಡೀರಿ. ನೀವು ಎಷ್ಟು ಬೇಗ ನಡೀತೀರಿ, ಎಲ್ಲಿ ನಿಲ್ತೀರಿ ಎಲ್ಲಾ ಇದು ಬರ್ಕೊಳ್ಳತ್ತೆ. ಇದರ ಹತ್ರ ನಿಮ್ಮ ನಾಟಕ ನಡಿಯಲ್ಲ." ಡಾಕ್ಟರರೂ ಷರತ್ತು ಹಾಕಿದರು: ಮೊಹರ್ರಮ್ ಹೊತ್ತಿಗೆ ಎಲ್ಲೂ ನಿಲ್ಲದೆ ಗುಡ್ಡ ಹತ್ತಿದರೆ ಕರ್ಬಲಾದ ಆಟದಲ್ಲಿ ಇಮಾಮರನ್ನು ಕೊಲ್ಲುವ ಶಿಮರನಾಗಿ ಕುದುರೆ ಏರಬಹುದು, ಇಲ್ಲವಾದರೆ ಆ ಕೆಂಪು ನಿಲುವಂಗಿ ಬೇರೆಯವರ ಮೈಗೆ. ಒಳ್ಳೆಯವರ ಪಾತ್ರದವರಿಗೇನು, ಹಾಡಿದರೆ ಸಾಕು. ಶಿಮರನಾದವನು ಕಬ್ಬಿಣದ ಅಂಗಿ ತೊಟ್ಟು, ಕುದುರೆಯ ಮೇಲೆ ಕಣವನ್ನು ಸುತ್ತುತ್ತ, ಎದೆ ಬಿರಿಯುವಂತೆ ಅಬ್ಬರಿಸಬೇಕು. ಅಬ್ಬರಿಸುತ್ತಲೇ ತಾನು ಮಾಡಲಿರುವ ಪಾಪಕ್ಕೆ ತಾನೇ ಅಳಬೇಕು! ಆ ಕೆಂಪು ಅಂಗಿ ನನ್ನ ಅಪ್ಪ ತೊಟ್ಟದ್ದು. ಅದಿಲ್ಲದ ಮೊಹರ್ರಮ್ ನನಗೆ ಬದುಕಿದ್ದೂ ಸತ್ತಂತೆ.

ಹಾಗಾಗಿ ನಡೆದೆ. ವಸಂತವೆಲ್ಲ ನಡೆದೆ. ಪ್ರತಿ ಶುಕ್ರವಾರ ಪರ್ವಾನೆ ಯಂತ್ರವನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ನಾನು ನಡೆದ ಗೆರೆಯನ್ನು ನಿನಗೆ ಕಳಿಸುತ್ತಿದ್ದಳು, ನೀನು "ಶಭಾಷ್ ಬಾಬಾ" ಎನ್ನುತ್ತಿದ್ದೆ. ಬೇಸಿಗೆಯ ಕೊನೆಗೆ ನಿನ್ನ ಶಭಾಷ್‌ಗಿರಿ ಇದ್ದಕ್ಕಿದ್ದಂತೆ ನಿಂತುಹೋಯಿತು. ನಿನ್ನಮ್ಮ ನನ್ನ ಅನ್ನದ ತಟ್ಟೆಯಿಂದ ಬೆಣ್ಣೆ ಎತ್ತಿಕೊಂಡಳು. ಮೇಳದ ಯಜಮಾನ ಯದುಲ್ಲಾ ನನ್ನನ್ನು ಕಂಡರೆ ತಲೆ ತಪ್ಪಿಸಿಕೊಂಡು ಓಡಾಡತೊಡಗಿದ. ಏನೂ ತಿಳಿಯದೆ ಒಂದು ದಿನ ರೊಟ್ಟಿ ತರಲು ಹೋದರೆ, ಅಲ್ಲಿ ಬೇಕರಿಯ ಹೈದರ್‌ಖುಲಿಯ ಗೋಡೆಯ ಮೇಲೆ ಏನು ನೇತಾಡುತ್ತಿತ್ತು? ನನ್ನ ಅಪ್ಪನ ಕೆಂಪು ನಿಲುವಂಗಿ! ಹಿಟ್ಟು ಜರಡಿ ಹಿಡಿದಂಥ ದನಿಯ ಹೈದರ್‌ಖುಲಿ ಶಿಮರ್! ಅವನು ನನ್ನ ಮುಖ ನೋಡಲಾರದೆ ಒಲೆಯೊಳಗೆ ತಲೆ ತೂರಿಸಿ, "ನೊಸ್ರತಣ್ಣಾ, ನಾನು ಕೇಳಿದ್ದಲ್ಲ ಕಣಣ್ಣಾ, ಯಜಮಾನ್ರೇ ತಂದು ಹಾಕಿ ಹೋದ್ರು" ಎಂದ.

ಮನೆಗೆ ಬಂದು ನಾನು ಅಬ್ಬರಿಸಿದ್ದಕ್ಕೆ ಕೋಳಿಗಳು ಮಾಡು ಹತ್ತಿದವು. ಆಗ ನಿನ್ನಮ್ಮ ಅಳುತ್ತ ಬಾಯಿ ಬಿಟ್ಟಳು: ನನ್ನ ಗೆರೆಯ ತುಂಬ ನಿಲುಗಡೆಗಳಿವೆ, ಗುಡ್ಡದ ಬುಡದಿಂದಲೇ ನನಗೆ ಉಸಿರು ಸಿಕ್ಕಿಕೊಳ್ಳುತ್ತಿದೆ, ನಾನು ಮುಚ್ಚಿಡುತ್ತಿದ್ದೇನೆ, ನನ್ನನ್ನು ಗಾಬರಿಪಡಿಸದೆ ಆಟದಿಂದ ಬಿಡಿಸಿ ಎಂದು ನೀನು ಯದುಲ್ಲಾನಿಗೆ ಫೋನ್ ಮಾಡಿ ಬೇಡಿಕೊಂಡೆ ಎಂದು. ಎದೆಯ ಮೇಲೆ ಕೈಯಿಟ್ಟುಕೊಂಡೆ. ಉಪಗ್ರಹಗಳಿಗೆ ಕಂಡದ್ದು ನನಗೇ ಕಾಣದೆ ಹೋಯಿತೇ? ನಿಜವಾಗಿ ಹೆದರಿದೆ ಮಗಳೇ. ಇದನ್ನು ನಿನ್ನಮ್ಮನಿಗೂ ಹೇಳಿಲ್ಲ.

ನೇರ ಪರ್ವಾನೆಯ ಮನೆಗೆ ಹೋಗಿ ಗೆರೆ ತೋರಿಸೆಂದೆ. ಹೌದು, ವಸಂತದಲ್ಲಿ ನೂಲಿನಂತಿದ್ದ ಗೆರೆಗೆ ಈಗ ಉದ್ದಕ್ಕೂ ಗಂಟುಗಳು. ಕನ್ನಡಕ ಏರಿಸಿ ಮೊದಲನೆಯ ಗಂಟನ್ನು ನೋಡಿದೆ: ಸೇತುವೆಯ ಆಚೆ, ಬಲಕ್ಕೆ. ಅದು ರಹ್ಮಾನನ ಅಕ್ರೋಟು ಮರ! ಎರಡನೆಯದು ಹೈದರ್‌ಖುಲಿಯ ಅತ್ತೆಯ ಮರ. ಮೂರನೆಯದು ಮಸೀದಿಯ ಮರ. ಅಯ್ಯೋ ನನ್ನಪ್ಪಾ, ಇದು ಅಕ್ರೋಟು ಬಡಿಯುವ ಕಾಲ! ಮರ ಮರದ ಕೆಳಗೂ ಜನ ಸಿಪ್ಪೆಯ ಕಪ್ಪು ಹತ್ತಿದ ಕೈಗಳಲ್ಲಿ ಕಾಯಿ ಆಯುತ್ತ ಕೂತಿದ್ದಾರೆ. ದುಡಿಯುವವರನ್ನು ದಾಟಿ ಹೋಗುವಾಗ ನಿಂತು "ದಣಿವಾಗದಿರಲಿ" ಎನ್ನದೆ ಹೋದರೆ ನಾನೇನು ಮನುಷ್ಯನೇ? ಅಂದಮೇಲೆ ಅವರು "ಬನ್ನಿ, ಒಂದು ಕಾಯಿ ತಿಂದು ಹೋಗಿ, ನನ್ನಾಣೆ" ಎನ್ನುತ್ತಾರೆ; ನಾನು ಬೇಡವೆನ್ನಬೇಕು; ಅವರು ಮತ್ತೆ ಆಣೆ ಹಾಕಬೇಕು; ಮತ್ತೆ ಬೇಡವೆಂದು, ಕೊನೆಗೆ ತಿಂದು, ಅವರ ಅಮ್ಮನ ಮಂಡಿನೋವು ವಿಚಾರಿಸಿ ಹೊರಡಬೇಕು. ಈ ಮರಗಳ ಕೆಳಗೇ ಕೈ ಕಪ್ಪು ಮಾಡಿಕೊಂಡು ಬೆಳೆದವಳು ನೀನು! ಮಶ್ಹದ್‌ನ ಆಸ್ಪತ್ರೆಯ ಉದ್ದನೆಯ ಓಣಿಗಳಲ್ಲಿ ಯಾರೂ ಯಾರಿಗೂ ನಿಲ್ಲುವುದಿಲ್ಲವೇನೋ, ಮರೆತುಬಿಟ್ಟೆ.

ನಾನು ನಕ್ಕೆ. ಪರ್ವಾನೆ ನಗಲಿಲ್ಲ. "ಡಾಕ್ಟರಿಗೆ ಕಥೆ ಹೇಳಿದ್ರೆ ಆಗಲ್ಲ, ಆಗಾ ನೊಸ್ರತ್. ಒಂದ್ಸಲ ನಿಲ್ದೆ ನಡ್ದು ತೋರಿಸಿ. ಬಾಯಿ ಮುಚ್ಕೊಂಡು. ಆಗತ್ತಾ ನಿಮ್ಮ ಕೈಲಿ?" ಎಂದಳು. ಆಗುವುದಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ಮರುದಿನ ಹೊರಟೆ. ಯಂತ್ರವನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಮೇಲೆ ಕಣ್ಣು ನೆಟ್ಟು ಒಂದೇ ಸಮನೆ ನಡೆದೆ. "ಸಲಾಂ ಆಗಾ ನೊಸ್ರತ್!" ಎಂದ ರಹ್ಮಾನ್. ನಾನು ಕಲ್ಲು. "ಆಗಾ, ಒಂದು ಕಾಯಿ!" ನಾನು ಕಬ್ಬಿಣ. ಆಟದ ಯುದ್ಧಭೂಮಿಯಲ್ಲಿ ನೂರು ಸಲ ನಿರ್ದಯನಾಗಿದ್ದೇನೆ ಮಗಳೇ, ಆದರೆ ಹೈದರ್‌ಖುಲಿಯ ಮುದುಕಿ ಅತ್ತೆ ಒಡೆದ ಕಾಯಿಯನ್ನು ಅಂಗೈಯಲ್ಲಿ ಚಾಚಿ ನಿಂತಾಗ ದಾಟಿಹೋದೆನಲ್ಲ, ಅಂಥ ಕ್ರೌರ್ಯ ಯಾವ ಶಿಮರನಿಂದಲೂ ಸಾಧ್ಯವಿಲ್ಲ! ದರ್ಗಾದ ಬಾಗಿಲು ಮುಟ್ಟಿದೆ. ಎದೆ ಬಡಿಯುತ್ತಿತ್ತು, ಆದರೆ ಕುದುರೆಯ ಗೊರಸಿನಂತೆ, ಸಮನಾಗಿ. ಅಲ್ಲಿಯೇ ಕೂತು ಅತ್ತೆ.

ಸಂಜೆ ಬಾಗಿಲು ಬಡಿದ ಸದ್ದು. ನೋಡಿದರೆ ಇಡೀ ಕೇರಿ! ಮುಂದೆ ಯದುಲ್ಲಾ, ಅವನ ಕೈಯಲ್ಲಿ ಮುನಿಸು ಮುರಿಸಲು ಒಯ್ಯುವ ಸಕ್ಕರೆಯ ಗೋಪುರ. ಹಿಂದೆ ಹೈದರ್‌ಖುಲಿ, ತೋಳಿನ ಮೇಲೆ ಕೆಂಪು ನಿಲುವಂಗಿ. ಅವನ ಅತ್ತೆ ನನ್ನ ಹೊಸ್ತಿಲಲ್ಲೇ ಕೂತು, "ನಮ್ಮಿಂದ ಏನ್ ತಪ್ಪಾಯ್ತು ಹೇಳಪ್ಪಾ, ನನ್ ಅಳಿಯ ಅಂಗಿ ತಗೊಂಡಿದ್ದಕ್ಕೆ ನನ್ ಕಾಯೀನೂ ಬೇಡವಾಯ್ತಾ?" ಎಂದು ಕಣ್ಣೊರೆಸಿಕೊಂಡಳು. ಹೈದರ್‌ಖುಲಿ ಅಂಗಿಯನ್ನು ನನ್ನ ಹೆಗಲಿಗೆ ಹಾಕಿ, "ತಗೊಳ್ಳಣ್ಣಾ, ಎರಡು ದಿನ ಅಬ್ಬರ್ಸಿ ನೋಡ್ದೆ, ನನ್ ಹೆಂಡ್ತಿ ಕೆಮ್ಮಿನ ಔಷಧಿ ತಂದಳು" ಎಂದ. ಊರಿಗೆ ಊರೇ ನಕ್ಕಿತು. ನಾನು ಮುನಿಸಿಲ್ಲ, ಯಂತ್ರಕ್ಕಾಗಿ ಮೌನವ್ರತ ಎಂದು ಹೇಳಿ ಎಲ್ಲರಿಗೂ ಚಹಾ ಕುಡಿಸುವಷ್ಟರಲ್ಲಿ ಸಕ್ಕರೆಯ ಗೋಪುರ ಅರ್ಧ ಕರಗಿತ್ತು.

ಆದರೆ ಅಂಗಿ ತೊಡಲಿಲ್ಲ, ಡಾಕ್ಟರರ ಮಾತು ಬಾಕಿ ಇತ್ತು. ನಿನ್ನೆ ಕರಜ್‌ನ ಆಸ್ಪತ್ರೆಗೆ ಹೋದೆವು. ಡಾಕ್ಟರರು ಹೊಸ ಗೆರೆ ನೋಡಿದರು, ಎದೆಗೆ ತಂತಿ ಅಂಟಿಸಿ ಓಡುವ ಪಟ್ಟಿಯ ಮೇಲೆ ಹತ್ತಿಸಿದರು. ನರ್ಸ್ ಹಾದುಹೋದಾಗಲೆಲ್ಲ ನಾನು ನಿಂತು ವಂದಿಸಲು ಹೋಗಿ ಮುಗ್ಗರಿಸುತ್ತಿದ್ದೆ. "ಆಗಾ, ಇಲ್ಲಿ ಯಾರ್ಗೂ ಸಲಾಂ ಹೇಳ್ಬೇಡಿ, ಸುಮ್ನೆ ನಡೀರಿ!" ಎಂದು ಡಾಕ್ಟರರೇ ಗದರಿದರು. ಕೊನೆಗೆ ಕಾಗದದ ಸುರುಳಿ ಹರಿದು ನೋಡಿ ಹೇಳಿದರು: "ಹತ್ತಿ ಕುದುರೆ. ಕೂಗಿ. ಆದ್ರೆ ಮನೇಲಿ ಮಾತ್ರ ಕೂಗ್ಬೇಡಿ." ನಿನ್ನಮ್ಮ ಬಸ್ಸು ಹತ್ತಿದವಳೇ ನನ್ನ ಹೆಗಲಿಗೊರಗಿ ನಿದ್ದೆ ಹೋದಳು. ಎಷ್ಟು ದಿನಗಳಿಂದ ಅವಳು ನಿದ್ದೆ ಮಾಡಿರಲಿಲ್ಲವೋ!

ನಿನ್ನ ಜೊತೆಯ ಹುಡುಗಿಯರಿಗೂ ಅಕ್ರೋಟು ಹಂಚು. ಬೆನ್ನಿಗೆ ಬಿಸಿ ನೀರಿನ ಚೀಲ ಇಡು. ನಿನ್ನ ಮೇಲೆ ದೇವರ ನೆರಳಿರಲಿ, ನಮ್ಮ ಆಯಸ್ಸೂ ನಿನಗೇ ಸೇರಲಿ.

ನಿನ್ನ ಬಾಬಾ,
ನೊಸ್ರತುಲ್ಲಾ (ಶಿಮರ್!)

ಮರೆತೆ: ಪರ್ವಾನೆಯನ್ನು ಕರೆದೊಯ್ಯುವ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಗಂಟುಗಳನ್ನು ನೋಡಿ ನೀನು ರಾತ್ರಿಯೆಲ್ಲ ಅಳುತ್ತಿದ್ದೆಯಂತೆ, ಪರ್ವಾನೆ ಈಗಷ್ಟೇ ಹೇಳಿದಳು. ಇವತ್ತು ಬೆಳಿಗ್ಗೆ ಮತ್ತೆ ಎಲ್ಲ ಮರದ ಕೆಳಗೂ ನಿಂತು ಬಂದಿದ್ದೇನೆ. ಅವಳು ಹಿಂದಿರುಗಿ ಬಂದು ಕಳಿಸುವ ಗೆರೆಯ ತುಂಬ ಗಂಟುಗಳೇ ಇರುತ್ತವೆ. ಆಗ ಹಾಯಾಗಿ ಮಲಗು. ಎಂದಾದರೂ ಅಕ್ರೋಟಿನ ಕಾಲದಲ್ಲಿ ನನ್ನ ಗೆರೆ ಎಲ್ಲೂ ನಿಲ್ಲದೆ ನೆಟ್ಟಗೆ ಹೋದದ್ದು ಕಂಡರೆ, ಫೋನ್ ಮಾಡುತ್ತ ಕೂರಬೇಡ, ಸಿಕ್ಕ ಬಸ್ಸು ಹತ್ತಿ ಬಾ.